ಭೃತ್ಯನ ರೋಗವೂ ಒಡೆಯನ ಪ್ರಶ್ನಾಧಿಕಾರವೂ

ಸಂಬಳಕ್ಕೆ ನಿಲ್ಲುವವನ ದೇಹಸ್ಥಿತಿಯನ್ನು ವಿಚಾರಿಸಲು ಒಡೆಯನಿಗೆ ಅಧಿಕಾರವುಂಟೇ? ಉಂಟಾದರೆ ಅದರ ಮೇರೆ ಯಾವುದು? ಆಳಂದ, ಅಫಜಲಪುರ ತಾಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲಿಯೂ ಜೇವರ್ಗಿಯ ತೊಗರಿಯ ಸೀಮೆಯಲ್ಲಿಯೂ ದುಡಿಯುವವರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ರೋಗವನ್ನು ಹೇಳಿದರೆ ಅನ್ನಕ್ಕೆ ಕುತ್ತು, ಮುಚ್ಚಿದರೆ ಪ್ರಾಣಕ್ಕೆ ಕುತ್ತು ಎಂಬ ಇಕ್ಕಟ್ಟು ದುಡಿಯುವವರಿಗೆ ಒದಗುವುದುಂಟು.

ವ್ಯವಹಾರಶಾಸ್ತ್ರವು ಈ ನಾಡಿಗೆ ಹೊಸತಲ್ಲ. ಕಲಬುರಗಿ ಜಿಲ್ಲೆಯ ಮರತೂರು ಮಿತಾಕ್ಷರಾಕಾರ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಭೃತ್ಯವೇತನವನ್ನು ಕುರಿತು ಪ್ರತ್ಯೇಕ ಪ್ರಕರಣವೇ ಇದೆ. ಇದೇ ವಿಷಯದಲ್ಲಿ ಮನುಸ್ಮೃತಿಯ 8ನೆಯ ಅಧ್ಯಾಯವು ಇಬ್ಬರು ಭೃತ್ಯರನ್ನು ಬೇರ್ಪಡಿಸುತ್ತದೆ. ರೋಗವಿಲ್ಲದೆ ದರ್ಪದಿಂದ ಕೆಲಸ ಬಿಟ್ಟವನಿಗೆ ಎಂಟು ಕೃಷ್ಣಲಗಳ ದಂಡ, ವೇತನವೂ ಇಲ್ಲ. ರೋಗದಿಂದ ನಿಂತು, ಗುಣವಾದ ಮೇಲೆ ಒಪ್ಪಿದಂತೆ ಕೆಲಸ ಮಾಡಿಕೊಟ್ಟವನಿಗೆ ಬಹುಕಾಲ ಕಳೆದಿದ್ದರೂ ವೇತನ ಸಲ್ಲಬೇಕು. ಕೌಟಿಲ್ಯನೂ ವ್ಯಾಧಿಗ್ರಸ್ತನು ಒಪ್ಪಂದದಿಂದ ಹಿಂಜರಿಯಲು, ಇಲ್ಲವೆ ಮತ್ತೊಬ್ಬನಿಂದ ಕೆಲಸ ಮಾಡಿಸಲು ಅವಕಾಶ ಕೊಟ್ಟಿದ್ದಾನೆ. ಇಲ್ಲಿ ನಿರ್ಣಯಕ್ಕೆ ಬೇಕಾದುದು ಅಶಕ್ತನೋ ದರ್ಪಿಷ್ಠನೋ ಎಂಬಿಷ್ಟೇ ಹೊರತು ರೋಗದ ಹೆಸರಲ್ಲ. ಆ ವಿಚಾರಣೆಯೂ ರೋಗಿಯ ರಕ್ಷಣೆಗೆ.

ಇಂದಿನ ಕಾನೂನಿನಲ್ಲಿಯೂ ಒಡೆಯನ ಅಧಿಕಾರವು ಸುರಕ್ಷತೆಯ ಹೊಣೆಯಿಂದಲೇ ಹುಟ್ಟುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ವೃತ್ತಿಸುರಕ್ಷತಾ ಸಂಹಿತೆಯು ಗೊತ್ತುಪಡಿಸಿದ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ವೈದ್ಯಪರೀಕ್ಷೆಯನ್ನು ವಿಧಿಸುತ್ತದೆ. ಬಾಯ್ಲರಿನ ಬಳಿ ನಿಲ್ಲುವವನಿಗೆ ಮೂರ್ಛೆ ಬರುವುದುಂಟೇ ಎಂದು ಕೇಳುವುದು ಯುಕ್ತ. ಲೆಕ್ಕ ಬರೆಯುವ ಗುಮಾಸ್ತನ ವಿಷಯದಲ್ಲಿ ಆ ಪ್ರಶ್ನೆಗೆ ಅಷ್ಟು ಬಲವಿಲ್ಲ.

ಮೇರೆಗಳೂ ಸ್ಪಷ್ಟವಾಗಿವೆ. ಜೀವವಿಮಾ ನಿಗಮವು ಸ್ತ್ರೀಯರಿಂದ ಬರೆಯಿಸಿಕೊಳ್ಳುತ್ತಿದ್ದ ಘೋಷಣಾಪತ್ರದಲ್ಲಿ ಋತುಕಾಲ, ಗರ್ಭಧಾರಣೆಗಳನ್ನು ಕುರಿತ ಪ್ರಶ್ನೆಗಳಿದ್ದುವು. ನೀರಾ ಮಾಥುರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಅವು ಮಾನಕ್ಕೆ ಕುಂದೆಂದು ತಿಳಿದು, ತೆಗೆದುಹಾಕಬೇಕೆಂದಿತು. 2018ರಲ್ಲಿ ಜಾರಿಗೆ ಬಂದ, 2017ರ ಎಚ್.ಐ.ವಿ. ಅಧಿನಿಯಮದಂತೆ ಕೆಲಸ ಕೊಡಲು ಆ ರೋಗದ ಪರೀಕ್ಷೆಯನ್ನು ನಿಬಂಧನೆಯಾಗಿ ಇಡಕೂಡದು. ಆ ಕಾರಣದಿಂದ ಕೆಲಸ ಬಿಡಿಸಬೇಕಾದರೆ, ಇತರರಿಗೆ ಸೋಂಕು ತಗಲುವ ಗಣನೀಯ ಅಪಾಯವುಂಟೆಂದೋ ಆ ಕೆಲಸಕ್ಕೆ ಅವನು ಅಶಕ್ತನೆಂದೋ ಸ್ವತಂತ್ರ ವೈದ್ಯನು ಬರೆದುಕೊಟ್ಟಿರಬೇಕು. ತಕ್ಕ ಅನುಕೂಲ ಕಲ್ಪಿಸಲು ತನಗಿರುವ ತೊಡಕನ್ನು ಒಡೆಯನೂ ಬರೆದು ತಿಳಿಸಬೇಕು. ಎರಡರ ಪ್ರತಿಯೂ ನೌಕರನ ಕೈಸೇರಬೇಕು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಮೇರೆಗೆ, ಸೇವೆಯಲ್ಲಿರುವಾಗ ಅಂಗವೈಕಲ್ಯ ಹೊಂದಿದವನನ್ನು ಸರ್ಕಾರಿ ಸಂಸ್ಥೆಯು ತೆಗೆಯಕೂಡದು. ಇದ್ದ ಕೆಲಸ ಸಾಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡತಕ್ಕುದು.

ಇವೆಲ್ಲವುಗಳಿಂದ ಸಿದ್ಧವಾಗುವ ಅರ್ಥ ಇದು: ಪ್ರಶ್ನೆಯು ಕೆಲಸವನ್ನು ಅನುಸರಿಸಬೇಕು, ಕುತೂಹಲವನ್ನಲ್ಲ. ರೋಗದ ವಿವರ ವೈದ್ಯನಲ್ಲಿ ನಿಲ್ಲಲಿ. ಒಡೆಯನಿಗೆ ಶಕ್ತ, ಅಶಕ್ತ ಎಂಬ ನಿರ್ಣಯ ಸಾಕು. ಹೇಳಿದ ಮಾತು ಅನ್ನಕ್ಕೆ ಕುತ್ತಾಗದೆಂಬ ನಂಬಿಕೆ ಇರುವೆಡೆಯಲ್ಲಿ ಮಾತ್ರ ರೋಗಿಯು ನಿಜವನ್ನು ಹೇಳಿಯಾನು; ಅದರಿಂದ ಕಾರ್ಖಾನೆಯೂ ಕ್ಷೇಮವಾಗಿದ್ದೀತು.