ಬಿರುಕು ಫೋಟೊದಲ್ಲಿತ್ತು, ಸೈರನ್ ಮಾತ್ರ ಇರಲಿಲ್ಲ

2021ರ ಫೆಬ್ರುವರಿ 7, ಭಾನುವಾರ. ವರ್ಕ್ ಫ್ರಂ ಹೋಮ್ ಕಾಲ, ನಾನು ತೀರ್ಥಹಳ್ಳಿಯ ಮನೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಟಿವಿ ಕಡೆ ಕೈ ತೋರಿಸಿ, "ನೀನು ಹೋಗಿದ್ದು ಇದೇ ಊರಿಗಲ್ವೇನೋ?" ಅಂದರು.

ಹೌದು, ಅದೇ ಊರು. ಉತ್ತರಾಖಂಡದ ಚಮೋಲಿ ಜಿಲ್ಲೆಯ ತಪೋವನ. ಅದಕ್ಕೆ ಒಂದು ವರ್ಷದ ಹಿಂದೆ, 2019ರ ಡಿಸೆಂಬರ್‌ನಲ್ಲಿ, ಆಫೀಸಿನ ನಾಲ್ಕು ಜನ ಸೇರಿ ಕುವಾರಿ ಪಾಸ್ ಟ್ರೆಕ್‌ಗೆ ಹೋಗಿದ್ವಿ. ಜೋಶಿಮಠದಲ್ಲಿ ರಾತ್ರಿ ಉಳಿದು, ತಪೋವನದ ರಸ್ತೆ ಹಿಡಿದು ಹೊರಟಿದ್ವಿ. ಚಹಾ ಕುಡಿಯಲು ನಿಂತ ಅಂಗಡಿಯಲ್ಲಿ ಹಳದಿ ಹೆಲ್ಮೆಟ್‌ನ ಕಾರ್ಮಿಕರು ಕೂತಿದ್ದರು. ಕೆಳಗೆ ಧೌಲಿಗಂಗಾ ನದಿಗೆ ಕಟ್ಟುತ್ತಿದ್ದ ಜಲವಿದ್ಯುತ್ ಯೋಜನೆಯಲ್ಲಿ ಕೆಲಸ. ಅವರಲ್ಲೊಬ್ಬ, "ಬೆಂಗಳೂರಲ್ಲಿ ಚಳಿ ಇರುತ್ತಾ?" ಅಂತ ಹಿಂದಿಯಲ್ಲಿ ಕೇಳಿದ್ದ. ನಾವೆಲ್ಲ ನಕ್ಕಿದ್ವಿ.

ಈಗ ಟಿವಿಯಲ್ಲಿ ಅದೇ ಕಣಿವೆ ತುಂಬಾ ಬೂದು ಬಣ್ಣದ ಕೆಸರು ನುಗ್ಗುತ್ತಿತ್ತು. ಗುಡ್ಡದ ಮೇಲಿದ್ದವರು ಕೆಳಗಿನ ಕಾರ್ಮಿಕರಿಗೆ ಓಡಿ, ಓಡಿ ಅಂತ ಕೂಗುತ್ತಿದ್ದರು. ಆ ದಿನ ಸತ್ತವರು, ಕಣ್ಮರೆಯಾದವರು ಸೇರಿ 200ಕ್ಕೂ ಹೆಚ್ಚು ಜನ. ಬಹುಪಾಲು ಎರಡು ಜಲವಿದ್ಯುತ್ ಯೋಜನೆಗಳ ಕಾರ್ಮಿಕರು. ಚಹಾ ಅಂಗಡಿಯ ಆ ಮನುಷ್ಯ ಅವರಲ್ಲಿ ಇದ್ದನೋ ಇಲ್ಲವೋ, ನನಗೆ ಗೊತ್ತಾಗುವ ದಾರಿಯೇ ಇಲ್ಲ. ಹೆಸರನ್ನೂ ಕೇಳಿರಲಿಲ್ಲ.

ಕೆರೆ ಒಡೆದಿದ್ದಲ್ಲ, ಬೆಟ್ಟವೇ ಬಿದ್ದಿದ್ದು

ಮೊದಲು ಎಲ್ಲರೂ ಹೇಳಿದ್ದು, ಹಿಮನದಿಯ ಕೆರೆಯೊಂದು ಒಡೆದಿದೆ ಅಂತ. ಆದರೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡ್ಯಾನ್ ಶುಗರ್ ಮತ್ತು ಇನ್ನೂ ಕೆಲವು ವಿಜ್ಞಾನಿಗಳು ಉಪಗ್ರಹ ಚಿತ್ರ ತೆರೆದು ನೋಡಿದಾಗ ಅಲ್ಲಿ ಅಂಥ ಕೆರೆಯೇ ಇರಲಿಲ್ಲ. ಬದಲಿಗೆ ರೊಂಟಿ ಶಿಖರದ ಉತ್ತರದ ಇಳಿಜಾರಿನಲ್ಲಿ, ಮೊದಲು ಬಿಳಿಯಾಗಿದ್ದ ಜಾಗದಲ್ಲಿ, ದೊಡ್ಡ ಕಪ್ಪು ಗಾಯ ಕಾಣಿಸಿತು. ಬೆಟ್ಟದ ಒಂದು ಭಾಗವೇ ಕಳಚಿ ಬಿದ್ದಿತ್ತು.

ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ 50ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ಬರೆದ ವರದಿ ಬಂತು. ಬಿದ್ದದ್ದು ಸುಮಾರು 2.7 ಕೋಟಿ ಘನ ಮೀಟರ್. ಅದರಲ್ಲಿ ಶೇ 80ರಷ್ಟು ಬಂಡೆ, ಶೇ 20ರಷ್ಟು ಮಂಜುಗಡ್ಡೆ. ಅಷ್ಟೂ ಸುಮಾರು 1,800 ಮೀಟರ್ ಕೆಳಕ್ಕೆ ಜಾರಿತು. ಆ ಉಜ್ಜಾಟದ ಬಿಸಿಗೆ ಮಂಜುಗಡ್ಡೆ ಹೆಚ್ಚುಕಡಿಮೆ ಪೂರ್ತಿ ಕರಗಿ ನೀರಾಯಿತು, ಬಂಡೆ ಪುಡಿಯಾಯಿತು. ಎರಡೂ ಸೇರಿ ಕಣಿವೆಗೆ ನುಗ್ಗಿದ್ದೇ ಟಿವಿಯಲ್ಲಿ ನಾವು ನೋಡಿದ ಕೆಸರು.

ನನ್ನನ್ನು ನಿದ್ದೆಗೆಡಿಸಿದ್ದು ಆ ವರದಿಯ ಇನ್ನೊಂದು ಮಾತು. ಹಳೇ ಚಿತ್ರಗಳನ್ನು ಹಿಂದಕ್ಕೆ ಓಡಿಸಿ ನೋಡಿದರೆ, ಆ ಭಾಗ 2016ರಿಂದಲೇ ಸ್ವಲ್ಪ ಸ್ವಲ್ಪ ಜರುಗುತ್ತಿತ್ತು. ಬಿರುಕು ಕೆಲವೆಡೆ 80 ಮೀಟರ್‌ನಷ್ಟು ಅಗಲವಾಗಿತ್ತು. ಅಂದರೆ ಬಿರುಕು ಫೋಟೊದಲ್ಲಿತ್ತು!

ಮೇಲಿನಿಂದ ಹೇಗೆ ಗೊತ್ತಾಗುತ್ತೆ?

ನಾನು ಭೂವಿಜ್ಞಾನಿ ಅಲ್ಲ, ಕೋಡ್ ಬರೆಯುವವನು. ಆದರೆ ಇದರ ಹಿಂದಿನ ಐಡಿಯಾಗಳು ನಮ್ಮಂಥವರಿಗೂ ಅರ್ಥವಾಗುವಷ್ಟು ಸರಳ.

ಮೊದಲನೆಯದು ಹಿಮ. ಹಿಮವೂ ಬಿಳಿ, ಮೋಡವೂ ಬಿಳಿ, ಬೇರೆ ಮಾಡೋದು ಹೇಗೆ? ಉಪಗ್ರಹಕ್ಕೆ ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕೂಡ ಕಾಣುತ್ತೆ. ಅದರ ಒಂದು ಬಗೆಯನ್ನು ಹಿಮ ಹೀರಿಕೊಳ್ಳುತ್ತೆ, ಸಾಮಾನ್ಯವಾಗಿ ಮೋಡ ವಾಪಸ್ ಕಳಿಸುತ್ತೆ. ಹಸಿರು ಬೆಳಕಿನಿಂದ ಇನ್ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಉತ್ತರ 0.4 ದಾಟಿದರೆ ಸಾಮಾನ್ಯವಾಗಿ ಹಿಮ. ಎರಡು ಸಾಲಿನ ಕೋಡ್, ಅಷ್ಟೇ.

ಎರಡನೆಯದು ಹಿಮನದಿಯ ನಡಿಗೆ. ಒಂದೇ ಜಾಗದ ಎರಡು ದಿನಾಂಕದ ಚಿತ್ರ ತಗೊಂಡು, ಒಂದೊಂದು ಚೌಕದ ಗುರುತು ಎಷ್ಟು ಸರಿದಿದೆ ಅಂತ ಕಂಪ್ಯೂಟರ್ ಹುಡುಕುತ್ತೆ. ವಿಡಿಯೊ ಫೈಲ್ ಚಿಕ್ಕದು ಮಾಡುವಾಗ ನಡೆಯುವ ಲೆಕ್ಕವೂ ಹೆಚ್ಚುಕಡಿಮೆ ಇದೇ. ರೊಂಟಿಯ ಜರುಗುವಿಕೆ ಸಿಕ್ಕಿದ್ದೂ ಹೀಗೇ.

ಮೂರನೆಯದು ರಾಡಾರ್. ಇದಕ್ಕೆ ಬೆಳಕು ಬೇಡ, ಮೋಡ ಅಡ್ಡಿಯಲ್ಲ. ಉಪಗ್ರಹ ತಾನೇ ತರಂಗ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತೆ. ಕೆಲವು ದಿನ ಬಿಟ್ಟು ಅದೇ ಜಾಗದ ಮೇಲೆ ಬಂದು ಮತ್ತೆ ಅಳೆಯುತ್ತೆ. ಈ ನಡುವೆ ನೆಲ ಒಂದೆರಡು ಸೆಂಟಿಮೀಟರ್ ಕುಸಿದಿದ್ದರೂ ತರಂಗದ ತಾಳ ತಪ್ಪುತ್ತೆ. ಆ ತಾಳ ತಪ್ಪಿದ್ದೇ ಅಳತೆ.

ಇದರ ಶಕ್ತಿ ನನಗೆ ಅರ್ಥವಾಗಿದ್ದು ನಾವು ರಾತ್ರಿ ಉಳಿದಿದ್ದ ಜೋಶಿಮಠದ ಸುದ್ದಿಯಿಂದಲೇ. 2023ರ ಜನವರಿಯಲ್ಲಿ ಅಲ್ಲಿನ ನೂರಾರು ಮನೆಗಳ ಗೋಡೆ ಬಿರುಕು ಬಿಟ್ಟವು. 2022ರ ಡಿಸೆಂಬರ್ 27ರಿಂದ ಜನವರಿ 8ರವರೆಗೆ, ಬರೀ 12 ದಿನದಲ್ಲಿ ಊರಿನ ಒಂದು ಭಾಗ 5.4 ಸೆಂಟಿಮೀಟರ್ ಕುಸಿದಿದೆ ಅಂತ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ವರದಿ ಹಾಕಿತು. ಸರ್ಕಾರಿ ಸಂಸ್ಥೆಗಳು ಮಾಧ್ಯಮದ ಜೊತೆ ಮಾತಾಡಬಾರದು, ಮಾಹಿತಿ ಹಂಚಬಾರದು ಅಂತ ಸೂಚನೆ ಬಂತು. ವರದಿ ವೆಬ್‌ಸೈಟ್‌ನಿಂದ ಮಾಯವಾಯಿತು. ಜೋಶಿಮಠ ನಿಂತಿರೋದೇ ಹಳೇ ಭೂಕುಸಿತದ ಮಣ್ಣಿನ ಮೇಲೆ ಅಂತ 1976ರಲ್ಲೇ ಮಿಶ್ರಾ ಸಮಿತಿ ಹೇಳಿತ್ತು. ಅದೂ ಕಡತದಲ್ಲೇ ಉಳಿದಿತ್ತು.

ಕಾಣದ ಮಂಜು

ಉಪಗ್ರಹಕ್ಕೂ ನೇರವಾಗಿ ಕಾಣದ ಒಂದು ಸಂಗತಿ ಇದೆ: ಪರ್ಮಾಫ್ರಾಸ್ಟ್. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿಗಿಂತ ಮೇಲೇರದ ನೆಲಕ್ಕೆ ಈ ಹೆಸರು. ಎತ್ತರದ ಬೆಟ್ಟಗಳಲ್ಲಿ ಕಲ್ಲು ಮಣ್ಣನ್ನು ಹಿಡಿದಿಟ್ಟ ಸಿಮೆಂಟ್ ಇದ್ದಹಾಗೆ ಈ ಮಂಜು. ಅದು ಮಣ್ಣಿನ ಒಳಗಿರೋದರಿಂದ ಫೋಟೊದಲ್ಲಿ ಸಿಗಲ್ಲ. ಆದರೆ ಸಿಮೆಂಟ್ ಸಡಿಲವಾದಾಗ ನೆಲ ಜರುಗುತ್ತಲ್ಲ, ಅದು ರಾಡಾರ್‌ಗೆ ಸಿಗುತ್ತೆ.

ಸಿಕ್ಕಿಂನ ದಕ್ಷಿಣ ಲೊನಾಕ್ ಕೆರೆಯಲ್ಲಿ ಆಗಿದ್ದು ಇದೇ. ಸುಮಾರು 5,200 ಮೀಟರ್ ಎತ್ತರದಲ್ಲಿ, ಹಿಮನದಿ ಕರಗಿ ಹಿಂದೆ ಸರಿದಂತೆ ಬೆಳೆದ ಕೆರೆ ಇದು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಹೆಪ್ಪುಗಟ್ಟಿದ ಮಣ್ಣುಗುಡ್ಡ ಕೆರೆಗೆ ಕುಸಿಯಿತು. ಎದ್ದ ಅಲೆಗೆ ದಂಡೆ ಒಡೆದು ತೀಸ್ತಾ ಕಣಿವೆಗೆ ಪ್ರವಾಹ ನುಗ್ಗಿತು, ಚುಂಗ್‌ಥಾಂಗ್‌ನ ಅಣೆಕಟ್ಟು ಕೊಚ್ಚಿಹೋಯಿತು. ಸೆಪ್ಟೆಂಬರ್ 28ರಂದು 167.4 ಹೆಕ್ಟೇರ್ ಇದ್ದ ಕೆರೆ, ಅಕ್ಟೋಬರ್ 4ರ ಬೆಳಗಿನ ಇಸ್ರೊ ಚಿತ್ರದಲ್ಲಿ 60.3 ಹೆಕ್ಟೇರ್‌ಗೆ ಇಳಿದಿತ್ತು. ಆಮೇಲೆ ಹಳೇ ರಾಡಾರ್ ಡೇಟಾ ತೆಗೆದು ನೋಡಿದರೆ, ಆ ಮಣ್ಣುಗುಡ್ಡ ವರ್ಷಗಳಿಂದ ಜಾರುತ್ತಲೇ ಇತ್ತು.

ಈ ಕೆರೆ ಅಪಾಯಕಾರಿ ಅಂತ ಮೊದಲೇ ಗೊತ್ತಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ತಂಡವೊಂದು ಹೋಗಿ ಕ್ಯಾಮೆರಾ, ಹವಾಮಾನ ಉಪಕರಣ ಇಟ್ಟು ಬಂದಿತ್ತು. ಪೂರ್ತಿ ಎಚ್ಚರಿಕೆ ವ್ಯವಸ್ಥೆ ಬರೋದು ಇನ್ನೂ ಬಾಕಿ ಇತ್ತು. ಕೆರೆ ಕಾಯಲಿಲ್ಲ.

ಲಾಗ್ ಇತ್ತು, ಅಲರ್ಟ್ ಇರಲಿಲ್ಲ

ಐಟಿಯಲ್ಲಿ ಇರುವವರಿಗೆ ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನನ್ನ ಹಳೇ ಕಂಪನಿಯಲ್ಲಿ ಒಂದು ರಾತ್ರಿ ಸರ್ವರ್ ಬಿತ್ತು. ಬೆಳಗ್ಗೆ ನೋಡಿದರೆ, ಡಿಸ್ಕ್ ತುಂಬುತ್ತಿದೆ ಅಂತ ಲಾಗ್ ಮೂರು ವಾರದಿಂದ ಬಡಕೊಳ್ಳುತ್ತಿತ್ತು. ಅದನ್ನು ಅಲರ್ಟ್ ಆಗಿ ಬದಲಿಸಿ ಯಾರದೋ ಫೋನ್‌ಗೆ ಕಳಿಸೋ ಕೆಲಸ ನನ್ನದಾಗಿತ್ತು. 'ನೆಕ್ಸ್ಟ್ ಸ್ಪ್ರಿಂಟ್' ಅಂತ ಮುಂದಕ್ಕೆ ಹಾಕಿದ್ದೆ. ನಮ್ಮಲ್ಲಿ ಹೋಗಿದ್ದು ಆರು ಗಂಟೆ, ಒಂದಿಷ್ಟು ಗ್ರಾಹಕರ ಬೈಗುಳ. ಅಲ್ಲಿ ಹೋಗಿದ್ದು ಜೀವ.

ಹಾಗಂತ ವಿಜ್ಞಾನಿಗಳನ್ನು ಬೈಯೋದು ಸುಲಭ, ಆದರೆ ನ್ಯಾಯವಲ್ಲ. ಹಿಮಾಲಯದಲ್ಲಿ ಸಾವಿರಾರು ಹಿಮನದಿಗಳಿವೆ, ಒಂದೊಂದರಲ್ಲೂ ಬಿರುಕು ಇದ್ದೇ ಇರುತ್ತೆ. ಬಹುಪಾಲು ಯಾರಿಗೂ ಏನೂ ಮಾಡಲ್ಲ. ಬಿದ್ದ ಮೇಲೆ ಎಲ್ಲ ಬಿರುಕೂ ಮುನ್ಸೂಚನೆಯ ಹಾಗೇ ಕಾಣುತ್ತೆ. ಬಿರುಕು 'ಎಲ್ಲಿ' ಅಂತ ಹೇಳಬಹುದು, 'ಯಾವತ್ತು' ಅಂತ ಹೇಳಲ್ಲ.

ಆದರೆ 'ಎಲ್ಲಿ' ಅಂತ ಗೊತ್ತಾದರೆ ಮಾಡಬಹುದಾದ ಕೆಲಸ ಇದೆ. ಒಂದು ಚಿಕ್ಕ ಲೆಕ್ಕ ನೋಡಿ. ರೈನಿ ಹಳ್ಳಿಯ ಬಳಿ ಇದ್ದ ಋಷಿಗಂಗಾ ಯೋಜನೆಗೂ ತಪೋವನದ ಯೋಜನೆಗೂ ಸುಮಾರು 10 ಕಿಲೋಮೀಟರ್. ವರದಿಯ ಪ್ರಕಾರ ಪ್ರವಾಹದ ವೇಗ ಮೇಲೆ ಸೆಕೆಂಡಿಗೆ ಸುಮಾರು 25 ಮೀಟರ್, ತಪೋವನದ ಹತ್ತಿರ 16 ಮೀಟರ್. ಅಂದರೆ ಆ ದೂರಕ್ಕೆ ಏಳರಿಂದ ಹತ್ತು ನಿಮಿಷ. ಮೇಲೆ ಒಂದು ಸೆನ್ಸರ್, ಕೆಳಗೆ ಸುರಂಗದ ಬಾಯಲ್ಲಿ ಒಂದು ಸೈರನ್ ಇದ್ದಿದ್ದರೆ ಸಿಗುತ್ತಿದ್ದ ಸಮಯ ಅದು. ನದಿದಂಡೆಯಲ್ಲಿದ್ದವನಿಗೆ ಗುಡ್ಡ ಹತ್ತೋಕೆ ಏಳು ನಿಮಿಷ ಸಾಕು. ಆ ದಿನ ಸೈರನ್ ಕೆಲಸ ಮಾಡಿದ್ದು ಮನುಷ್ಯರ ಗಂಟಲು.

ಇದೇ ರೈನಿಯಲ್ಲಿ 1974ರಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರ ತಬ್ಬಿ ನಿಂತಿದ್ದರು. ಕಾಡನ್ನು ದಿನಾ ನೋಡುತ್ತಿದ್ದವರು ಅವರು, ಅದಕ್ಕೇ ಮೊದಲು ಎದ್ದವರೂ ಅವರೇ. ಉಪಗ್ರಹದ ಕಣ್ಣಿಗೂ ಅಂಥ ಜನರ ಜೊತೆ ಬೇಕು.

ಈಗ ಏನು?

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಹಾರಿತು. ನಾಸಾ ಮತ್ತು ಇಸ್ರೊ ಸೇರಿ ಮಾಡಿದ ರಾಡಾರ್ ಉಪಗ್ರಹ, ಜೋಡಣೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ. 12 ಮೀಟರ್ ಅಗಲದ ಆಂಟೆನಾ, ಭೂಮಿಯ ಬಹುತೇಕ ನೆಲ ಮತ್ತು ಹಿಮವನ್ನು 12 ದಿನದಲ್ಲಿ ಎರಡು ಸಲ ಅಳೆಯುವ ಯೋಜನೆ, ಡೇಟಾ ಎಲ್ಲರಿಗೂ ಉಚಿತ. ಇನ್ನು ಮುಂದೆ ಡೇಟಾ ಇರಲಿಲ್ಲ ಅನ್ನೋ ನೆಪ ನಡೆಯಲ್ಲ.

ನೀವೂ ನೋಡಬಹುದು. ಫೋನ್‌ನಲ್ಲಿ ಕೋಪರ್ನಿಕಸ್ ಬ್ರೌಸರ್ ತೆರೆಯಿರಿ, ದುಡ್ಡು ಬೇಡ. ನಂದಾಘುಂಟಿ ಮತ್ತು ತ್ರಿಶೂಲ್ ಶಿಖರಗಳ ನಡುವೆ ರೊಂಟಿ ಹುಡುಕಿ. 2021ರ ಫೆಬ್ರುವರಿ 7ರ ಹಿಂದೆ ಒಂದು, ಮುಂದೆ ಒಂದು, ಮೋಡವಿಲ್ಲದ ದಿನ ಆರಿಸಿ. ಬೆರಳಿನಲ್ಲಿ ಆಚೀಚೆ ಸರಿಸಿ ನೋಡಿ.

ನಾನು ಈಗ ಟ್ರೆಕ್‌ಗೆ ಹೊರಡುವ ಮುಂಚೆ ದಾರಿಯ ಚಿತ್ರ ನೋಡ್ತೀನಿ. ಊರು ತಲುಪಿದ ಮೇಲೆ ಅಲ್ಲಿಯವರನ್ನು, "ಮೇಲಿಂದ ಏನಾದರೂ ಬಂದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳ್ತೀನಿ. ಬಹಳ ಸಲ ಬರುವ ಉತ್ತರ, "ಸದ್ದು ಕೇಳುತ್ತೆ" ಅಂತ.

ಚಹಾ ಕೊಟ್ಟವರ ಹೆಸರನ್ನೂ ಈಗ ಕೇಳ್ತೀನಿ.