ಮೊಟ್ಟೆ ಒಡೆಯುವ ಹಿಂದಿನ ದಿನ

ಕಾವಿಗಿಟ್ಟ ಕೋಳಿಮೊಟ್ಟೆ 21 ದಿನಕ್ಕೆ ಮರಿಯಾಗುತ್ತದೆ. ಹಿಂದಿನ ದಿನವೇ ಚಿಪ್ಪಿನೊಳಗೆ ದೊಡ್ಡ ಗಡಿಬಿಡಿ. ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡಿನ ಪೊರೆಯನ್ನು ಮರಿ ಕೊಕ್ಕಿನಿಂದ ಹರಿದು, ಮೊದಲ ಸಲ ಶ್ವಾಸಕೋಶಕ್ಕೆ ಉಸಿರೆಳೆದುಕೊಳ್ಳುತ್ತದೆ. ಹೊರಗೆ ಜೋತಿದ್ದ ಹಳದಿಯ ಚೀಲ ಹೊಟ್ಟೆಯೊಳಕ್ಕೆ ಸೇರುತ್ತದೆ. ಇದೇ ಹೊತ್ತಿಗೆ ರಕ್ತದಲ್ಲಿ ಟಿ3 ಎಂಬ ಥೈರಾಯ್ಡ್ ಹಾರ್ಮೋನ್ ದಿಢೀರನೆ ಏರುತ್ತದೆ.

ಅದು ಎಲ್ಲಿಂದ ಬರುತ್ತದೆ? ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು, ಅಂದರೆ ಟಿ4 ಅನ್ನು, ಬೇರ್ಪಡಿಸಿದ್ದರು. ಅದಕ್ಕಿಂತ ಪ್ರಬಲವಾದ ಟಿ3 ಅನ್ನು ಜ್ಯಾಕ್ ಗ್ರಾಸ್ ಮತ್ತು ರೊಸಾಲಿಂಡ್ ಪಿಟ್-ರಿವರ್ಸ್ ಲಂಡನ್ನಿನಲ್ಲಿ ಕಂಡದ್ದು 1952ರಲ್ಲಿ. ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದವರಿಗೆ ಟಿ4 ಕೊಟ್ಟರೂ ರಕ್ತದಲ್ಲಿ ಟಿ3 ಕಾಣಿಸಿಕೊಳ್ಳುತ್ತದೆ ಎಂದು 1970ರಲ್ಲಿ ಗೊತ್ತಾಯಿತು. ಟಿ4 ಅಣುವಿನ ನಾಲ್ಕು ಅಯೋಡಿನ್ ಪರಮಾಣುಗಳಲ್ಲಿ ಹೊರಸುತ್ತಿನ ಒಂದನ್ನು ಕಳಚಿ, ದೇಹದ ಇತರ ಭಾಗಗಳೇ ಟಿ3 ಮಾಡಿಕೊಳ್ಳುತ್ತವೆ.

ಹಾಗಾದರೆ ಭ್ರೂಣದಲ್ಲೂ ಕೊನೆಗೆ ಈ ತಯಾರಿಕೆ ಜೋರಾಗುತ್ತದೆ ಎಂದುಕೊಳ್ಳುವುದು ಸಹಜ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕ್ಯೂನ್, ವೇರ್ಲೆ ದರಾಸ್ ಮತ್ತು ಸಂಗಡಿಗರು ಭ್ರೂಣದ ಯಕೃತ್ತನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಭ್ರೂಣದ ಯಕೃತ್ತಿನಲ್ಲಿ ಮೂರನೇ ಬಗೆಯ ಡಿಅಯೋಡಿನೇಸ್ ಎಂಬ ಕಿಣ್ವ ಹೇರಳವಾಗಿತ್ತು. ಅದು ಒಳಸುತ್ತಿನ ಅಯೋಡಿನನ್ನು ಕಿತ್ತು ಟಿ3 ಅನ್ನು ನಿಷ್ಕ್ರಿಯಗೊಳಿಸುತ್ತದೆ. ಮರಿ ಹೊರಬರುವ ಮುನ್ನ ಆ ಕಿಣ್ವ ಕುಸಿಯುತ್ತದೆ, ಟಿ3 ಏರುತ್ತದೆ. ನಲ್ಲಿಯನ್ನು ಹೆಚ್ಚು ತಿರುಗಿಸಿದ್ದಲ್ಲ, ತೊಟ್ಟಿಯ ತೂತು ಮುಚ್ಚಿದ್ದು! ಈ ಸಂಶೋಧನೆಯ ನಿಜವಾದ ಸೊಗಸು ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ತೂತು ಮುಚ್ಚುವವರು ಯಾರು? 18 ದಿನದ ಭ್ರೂಣಕ್ಕೆ ಬೆಳವಣಿಗೆ ಹಾರ್ಮೋನ್ ಚುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಆ ಕಿಣ್ವ ಇಳಿದು ಟಿ3 ಏರಿತು. ಟಿ3 ತಯಾರಿಸುವ ಕಿಣ್ವ ಮಾತ್ರ ಇದ್ದಲ್ಲೇ ಇತ್ತು. ಅಡ್ರಿನಲ್ ಗ್ರಂಥಿಯ ಕಾರ್ಟಿಕೊಸ್ಟೆರೋನ್ ಕೂಡ ಅದೇ ಕೆಲಸ ಮಾಡಿತು. ಅಡ್ರಿನಲ್ಲನ್ನು ಎಚ್ಚರಿಸುವ ಮಿದುಳಿನ ಹಾರ್ಮೋನ್ ಕೋಳಿ ಭ್ರೂಣದಲ್ಲಿ ಥೈರಾಯ್ಡನ್ನೂ ಪ್ರಚೋದಿಸುತ್ತದೆ ಎಂಬುದೂ ಹೊರಬಿದ್ದಿದೆ. ಉಸಿರಾಟಕ್ಕೆ, ಮೈ ಬೆಚ್ಚಗಿಟ್ಟುಕೊಳ್ಳಲು ಬೇಕಾದ ಸಿದ್ಧತೆಯೆಲ್ಲ ಹೀಗೆ ಒಟ್ಟಿಗೆ ಕೂಡಿಬರುತ್ತದೆ.

ಎಲ್ಲ ಹಕ್ಕಿಗಳಲ್ಲೂ ಇದು ಮೊಟ್ಟೆಯೊಳಗೇ ಮುಗಿಯುವುದಿಲ್ಲ. ಕಣ್ಣು ಬಿಡದೆ, ಪುಕ್ಕವಿಲ್ಲದೆ ಹುಟ್ಟುವ ಬೆಳವದ ಮರಿಯಲ್ಲಿ ಥೈರಾಯ್ಡ್ ಹಾರ್ಮೋನಿನ ಈ ಏರಿಕೆ ಶುರುವಾಗುವುದೇ ಹೊರಬಂದ ಮೇಲೆ, ಗೂಡಿನಲ್ಲಿ.