ರಾಜ್ಯ ಲೀಗ್ ಅಂತಾರೆ, ಆಡೋದು ಮಾತ್ರ ಬೆಂಗಳೂರಲ್ಲಿ

ನಮ್ಮ ಕತ್ತಲಗೆರೆಯಲ್ಲಿ ಹದಿನಾರು ವರ್ಷದ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಕಾಲಿಗೆ ಚೆಂಡು ಸಿಕ್ಕರೆ ಊಟ ಮರೆಯುವಂಥವನು. ಅವನು ಕುಸ್ತಿ ಪಟುವಾಗಿದ್ದರೆ ದಾವಣಗೆರೆಯ ಕ್ರೀಡಾ ಹಾಸ್ಟೆಲ್ ಕಡೆ ಕೈ ತೋರಿಸಬಹುದಿತ್ತು. ಕಬಡ್ಡಿ ಆಡುವವನಾಗಿದ್ದರೆ ಜಾತ್ರೆಗೊಂದು ಟೂರ್ನಿ ಸಿಗುತ್ತದೆ. ಕ್ರಿಕೆಟ್ ಆದರೆ ಕೇಳೋದೇ ಬೇಡ, ಚನ್ನಗಿರಿಯಿಂದ ಹೊನ್ನಾಳಿವರೆಗೆ ಟೆನಿಸ್ ಬಾಲ್ ಟೂರ್ನಿಗಳಿಗೆ ಬರವಿಲ್ಲ. ಚುನಾವಣೆ ಹತ್ತಿರ ಬಂದರಂತೂ ಕಪ್ಪಿನ ಎತ್ತರವೂ ಜಾಸ್ತಿ, ಫ್ಲೆಕ್ಸಿನ ಅಗಲವೂ ಜಾಸ್ತಿ. ಆದರೆ ಫುಟ್‌ಬಾಲ್? ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ವರ್ಷಕ್ಕೆ ಒಂದೆರಡು ದಿನ ಆಡಬಹುದು. ಅದಾದ ಮೇಲೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು.

ಯಾಕೆ ಬೆಂಗಳೂರಿಗೇ? ಯಾಕೆಂದರೆ ಕರ್ನಾಟಕದ ರಾಜ್ಯ ಮಟ್ಟದ ಫುಟ್‌ಬಾಲ್ ಲೀಗ್ ಅಂತ ನಾವು ಕರೆಯುವುದು ವಾಸ್ತವದಲ್ಲಿ ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ, ಅಂದರೆ ಬಿಡಿಎಫ್‌ಎ ಹೆಸರಿನ ಸೂಪರ್ ಡಿವಿಷನ್ ಲೀಗ್. ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. 2024-25ರ ಸೀಸನ್ನಿನಲ್ಲಿ ದೇಶದ ಫುಟ್‌ಬಾಲ್ ಏಣಿಯಲ್ಲಿ ಐಎಸ್‌ಎಲ್, ಐ-ಲೀಗ್, ಐ-ಲೀಗ್ 2, ಐ-ಲೀಗ್ 3, ಆಮೇಲೆ ರಾಜ್ಯ ಲೀಗ್‌ಗಳು ಬರುತ್ತಿದ್ದವು. ಆ ಕೊನೆಯ ಮೆಟ್ಟಿಲಲ್ಲಿ ಇಡೀ ಕರ್ನಾಟಕದ ಪರವಾಗಿ ನಿಂತಿರುವುದು ಒಂದು ನಗರದ ಲೀಗ್. ಕೊಡಗು ಎಫ್‌ಸಿ, ರಿಯಲ್ ಚಿಕ್ಕಮಗಳೂರು ಎಫ್‌ಸಿ ಎಂಬ ಹೆಸರುಗಳೂ ಅದರಲ್ಲಿ ಕಾಣಿಸಿಕೊಂಡಿವೆ ನಿಜ. ಹಾಗಂತ ಲೀಗ್ ಪಂದ್ಯ ಮಡಿಕೇರಿಯಲ್ಲೋ ಚಿಕ್ಕಮಗಳೂರಲ್ಲೋ ನಡೆಯುತ್ತದೆ ಅಂದುಕೊಳ್ಳಬೇಡಿ. ಊರಿನ ಹೆಸರು ಜೆರ್ಸಿ ಮೇಲೆ, ಆಟ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ.

ಇದು ಯಾರೋ ಕೂತು ಮಾಡಿದ ಸಂಚಲ್ಲ, ಇದಕ್ಕೊಂದು ಇತಿಹಾಸ ಇದೆ. ನಮ್ಮಲ್ಲಿ ಫುಟ್‌ಬಾಲ್ ಬಂದಿದ್ದು ದಂಡಿನ ಜೊತೆ. ಬ್ರಿಟಿಷ್ ಸೈನಿಕರಿದ್ದ ದಂಡು ಪ್ರದೇಶದಲ್ಲಿ ಅವರನ್ನು ನೋಡಿ ಆಟ ಕಲಿತವರು ಸುತ್ತಲಿನ ದುಡಿಯುವ ಜನ. ತಮಿಳರು, ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ದಲಿತ ಕೇರಿಗಳ ಹುಡುಗರು. 1937ರಲ್ಲಿ ಮುಂಬೈಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೇನಾ ತಂಡಗಳ ಕೈಯಿಂದ ಮೊದಲು ಕಸಿದುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಿತು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ರಾಜ್ಯದ ಆಟಗಾರ. ಹಲಸೂರು ಬಳಿಯ ಗೌತಮಪುರಕ್ಕೆ ಹೋದರೆ ಇವತ್ತಿಗೂ ಬುದ್ಧ, ಅಂಬೇಡ್ಕರರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಕಾಣುತ್ತದೆ. ಯಾವ ಸರ್ಕಾರಿ ಕ್ರೀಡಾ ನೀತಿಗಿಂತಲೂ ಆ ಬೀದಿ ನನಗೆ ಹೆಚ್ಚು ಅರ್ಥವಾಗುತ್ತದೆ.

ಸ್ವಾತಂತ್ರ್ಯದ ನಂತರ ಆಟವನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐ, ಬಿಇಎಂಎಲ್, ಜೊತೆಗೆ ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು, ಅಕೌಂಟೆಂಟ್ ಜನರಲ್ ಕಚೇರಿಯವರು, ಅಂಚೆಯವರು. ದಂಡು, ಕಾರ್ಖಾನೆ, ಕೇಂದ್ರ ಸರ್ಕಾರದ ಕಚೇರಿ ಮೂರೂ ಒಟ್ಟಿಗೆ ಇದ್ದಿದ್ದು ಬೆಂಗಳೂರಲ್ಲಿ. ಭದ್ರಾ ನಾಲೆಯ ನೀರು ನಮ್ಮೂರಿಗೆ ಭತ್ತ ತಂದಿತು, ಅಡಿಕೆ ತಂದಿತು, ಕೃಷಿ ಸಂಶೋಧನಾ ಕೇಂದ್ರವೂ ಬಂತು. ಫುಟ್‌ಬಾಲ್ ತರುವ ದಾರಿ ಯಾವುದೂ ಆ ಕಡೆ ಹಾದುಹೋಗಲಿಲ್ಲ.

ಈಗ ಸೀಸನ್ ಹೇಗೆ ನಡೆಯುತ್ತದೆ ಅಂತ ನೋಡೋಣ. ಎಂಜಿನಿಯರಿಂಗ್ ಓದಿದ ಚಟ, ಸ್ವಲ್ಪ ಲೆಕ್ಕ ಹಾಕ್ತೀನಿ, ಸಹಿಸಿಕೊಳ್ಳಿ. ಲೀಗ್‌ನಲ್ಲಿ 16 ತಂಡ ಇವೆ ಅಂತಿಟ್ಟುಕೊಳ್ಳಿ (ಸಂಖ್ಯೆ ಸೀಸನ್ನಿಂದ ಸೀಸನ್ನಿಗೆ ಬದಲಾಗುತ್ತದೆ). ಪ್ರತಿ ತಂಡ ಉಳಿದ ಎಲ್ಲರ ಜೊತೆ ಒಮ್ಮೆ ಆಡಿದರೆ ಒಟ್ಟು 120 ಪಂದ್ಯ. ಒಂದೇ ಮೈದಾನ, ಮಧ್ಯಾಹ್ನ ಒಂದರ ಹಿಂದೆ ಒಂದು ಎರಡು ಪಂದ್ಯ ಅಂದರೂ 60 ದಿನ ಬೇಕು. ಮಧ್ಯೆ ಮಳೆ, ಬೇರೆ ಟೂರ್ನಿ, ಕೆಳಗಿನ ಡಿವಿಷನ್‌ಗಳ ಪಂದ್ಯ. ಹಾಗಾಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಆಟಗಾರನ ಪಾಲಿಗೆ ಸಿಗುವುದು ಎಷ್ಟು? 15 ಪಂದ್ಯ, ತಲಾ 90 ನಿಮಿಷ. ವರ್ಷಕ್ಕೆ ಇಪ್ಪತ್ತೆರಡೂವರೆ ಗಂಟೆ ಲೀಗ್ ಆಟ, ಅದೂ ಒಂದೂ ಪಂದ್ಯ ತಪ್ಪಿಸದಿದ್ದರೆ. ಇಷ್ಟರಲ್ಲಿ ಯಾರಾದರೂ ಹೇಗೆ ಸುಧಾರಿಸುತ್ತಾರೆ?

ಅದೇ 16 ತಂಡಕ್ಕೂ ತನ್ನದೇ ಮೈದಾನ ಇದೆ ಅಂದುಕೊಳ್ಳಿ. ನೀವು ನಮ್ಮಲ್ಲಿಗೆ ಒಮ್ಮೆ, ನಾವು ನಿಮ್ಮಲ್ಲಿಗೆ ಒಮ್ಮೆ. ಪಂದ್ಯಗಳು ದುಪ್ಪಟ್ಟಾಗಿ 240 ಆಗುತ್ತವೆ. ಆದರೆ ಒಂದೇ ದಿನ ಎಂಟು ಕಡೆ ಎಂಟು ಪಂದ್ಯ ನಡೆಯೋದರಿಂದ 30 ವಾರಾಂತ್ಯದಲ್ಲಿ ಸೀಸನ್ ಮುಗಿಯುತ್ತದೆ. ಕೆಲಸಕ್ಕೆ ಹೋಗುವವನೂ ಆಡಬಹುದು, ಕೆಲಸಕ್ಕೆ ಹೋಗುವವನೂ ನೋಡಬಹುದು. ಕೆಲಸದ ದಿನ ಮಧ್ಯಾಹ್ನ ಪಂದ್ಯ ಇಟ್ಟರೆ ಗ್ಯಾಲರಿಯಲ್ಲಿ ಯಾರಿರುತ್ತಾರೆ? ನಾನು ಹೋದಾಗಲೆಲ್ಲ ಕಂಡವರು ನಿವೃತ್ತರು, ಮುಂದಿನ ಪಂದ್ಯಕ್ಕೆ ಕಾಯುತ್ತಿರುವ ಆಟಗಾರರು, ಕ್ಲಾಸಿಗೆ ಚಕ್ಕರ್ ಹೊಡೆದ ನಾಲ್ಕೈದು ಹುಡುಗರು. ಆಟದ ಗುಣಮಟ್ಟದ ದೂರು ಹೇಳೋಕೆ ಮುಂಚೆ ಗಡಿಯಾರ ನೋಡಬೇಕು.

ಆಸ್ಟ್ರೇಲಿಯಾದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅಲ್ಲೂ ಕ್ರಿಕೆಟ್ ದೊಡ್ಡದು, ಫುಟ್‌ಬಾಲ್‌ಗೆ ತಮ್ಮನ ಸ್ಥಾನ. ಅಲ್ಲಿನ ರಾಜ್ಯ ಲೀಗ್‌ಗಳು 2013ರಿಂದ ನ್ಯಾಷನಲ್ ಪ್ರೀಮಿಯರ್ ಲೀಗ್ಸ್ ಎಂಬ ಹೆಸರಲ್ಲಿ ನಡೆಯುತ್ತಿವೆ. ಆಟಗಾರರು ಬಹುಪಾಲು ಅರೆ ವೃತ್ತಿಪರರು, ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ, ವಾರಾಂತ್ಯ ಪಂದ್ಯ. ವಿಕ್ಟೋರಿಯಾದಲ್ಲಿ 14 ತಂಡ, 26 ಸುತ್ತು. ಸಿಡ್ನಿಯಿಂದ ಎಂಬತ್ತು ಕಿಲೋಮೀಟರ್ ಆಚೆಯ ವಲಂಗಾಂಗ್‌ನ ತಂಡ ನ್ಯೂ ಸೌತ್ ವೇಲ್ಸ್ ಲೀಗ್ ಆಡುವಾಗ ಸಿಡ್ನಿಯ ತಂಡಗಳೂ ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕು.

ಆ ಕ್ಲಬ್‌ಗಳನ್ನು ಕಟ್ಟಿದವರು ಯಾರು ಗೊತ್ತಾ? ವಲಸಿಗರು. ಸೌತ್ ಮೆಲ್ಬರ್ನ್ ಗ್ರೀಕರದ್ದು, ಮಾರ್ಕೋನಿ ಇಟಾಲಿಯನ್ನರದ್ದು, ಸಿಡ್ನಿ ಯುನೈಟೆಡ್ ಕ್ರೊವೇಷಿಯನ್ನರದ್ದು, ಪ್ರೆಸ್ಟನ್ ಮೆಸಿಡೋನಿಯನ್ನರದ್ದು. ಫುಟ್‌ಬಾಲನ್ನು 'ಆಸ್ಟ್ರೇಲಿಯನ್' ಮಾಡಬೇಕು ಅಂತ ಹೊರಟ ಅಧಿಕಾರಿಗಳಿಗೆ ಇದೇ ಮುಜುಗರವಾಯಿತು. 2005ರಲ್ಲಿ ಶುರುವಾದ ಎ-ಲೀಗ್‌ಗೆ ಕೆಳಗಿನಿಂದ ಬಡ್ತಿಯ ದಾರಿಯನ್ನೇ ಇಡಲಿಲ್ಲ. 2014ರಲ್ಲಿ, ಕ್ಲಬ್ ಹೆಸರಲ್ಲಿ, ಲಾಂಛನದಲ್ಲಿ ಜನಾಂಗೀಯ ಗುರುತು ಹಾಕುವಂತಿಲ್ಲ ಅಂತ ನಿಯಮ ತಂದರು. ಜಗಳವಾಗಿ 2019ರಲ್ಲಿ ಅದನ್ನು ಕೈಬಿಟ್ಟರು. ಇಷ್ಟೆಲ್ಲ ಆದರೂ ಆ ಕ್ಲಬ್‌ಗಳು ಸಾಯಲಿಲ್ಲ. ಅವಕ್ಕೆ ಮೈದಾನ ಇತ್ತು, ಸದಸ್ಯರಿದ್ದರು, ಮಕ್ಕಳ ತಂಡಗಳಿದ್ದವು, ಮೈದಾನದ ಪಕ್ಕದ ಕ್ಯಾಂಟೀನಿನಲ್ಲಿ ಅಜ್ಜಂದಿರಿದ್ದರು. 2022ರಲ್ಲಿ ಸಿಡ್ನಿ ಯುನೈಟೆಡ್ ಆಸ್ಟ್ರೇಲಿಯಾ ಕಪ್ಪಿನ ಫೈನಲ್ ತನಕ ಹೋಯಿತು, ಹಾಗೆ ಹೋದ ಮೊದಲ ರಾಜ್ಯ ಲೀಗ್ ತಂಡ. ಒತ್ತಡ ಹೆಚ್ಚಿ ಹೆಚ್ಚಿ 2025ರಲ್ಲಿ ಈ ಕ್ಲಬ್‌ಗಳಿಗಾಗಿ ರಾಷ್ಟ್ರಮಟ್ಟದ ಹೊಸ ಟೂರ್ನಿಯೇ ಶುರುವಾಯಿತು. (ಎಲ್ಲ ಚೆಂದ ಅಂತಲ್ಲ. ಮಕ್ಕಳ ಶುಲ್ಕದಿಂದ ಸೀನಿಯರ್ ತಂಡ ಸಾಕುತ್ತಾರೆ ಎಂಬ ದೂರು ಅಲ್ಲಿ ಹಳೇದು.)

ನಮ್ಮಲ್ಲಿ ಕಾಗದದ ಮೇಲೆ ಏಣಿ ತೆರೆದೇ ಇದೆ. 2023ರಲ್ಲಿ ಶುರುವಾದ ಐ-ಲೀಗ್ 3ರ ಮೊದಲ ಸೀಸನ್ ಗೆದ್ದಿದ್ದು ನಮ್ಮ ಲೀಗ್‌ನ ಎಸ್‌ಸಿ ಬೆಂಗಳೂರು. ಅದೇ ಬಿಸಿಯಲ್ಲಿ ಐ-ಲೀಗ್ 2 ಕೂಡ ಗೆದ್ದು ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿತು. ಇಂಥದ್ದು ಎ-ಲೀಗ್ ಕೆಳಗಿನ ಯಾವ ಕ್ಲಬ್ಬೂ ಕನಸು ಕಾಣಲಾಗದ ಮಾತು. ಮುಂದಿನ 2024-25ರ ಐ-ಲೀಗ್‌ನಲ್ಲಿ ಅದೇ ತಂಡ ಹಿಂಬಡ್ತಿ ಪಡೆಯಿತು. ಹತ್ತುವುದಕ್ಕೆ ಒಳ್ಳೆಯ ಹನ್ನೊಂದು ಜನ ಸಾಕು. ಮೇಲೆ ನಿಲ್ಲುವುದಕ್ಕೆ ದೂರದ ಪ್ರಯಾಣದ ಖರ್ಚು, ವರ್ಷಪೂರ್ತಿ ಸಂಬಳ, ಟಿಕೆಟ್ ಕೊಂಡು ಬರುವ ಜನ, ಹಿಂದೆ ಬೆಳೆಯುತ್ತಿರುವ ಹುಡುಗರು ಎಲ್ಲ ಬೇಕು. ಹಣ ಇರುವವರು ಬಂದು ಹೋಗಿದ್ದನ್ನೂ ಈ ಲೀಗ್ ನೋಡಿದೆ. ಓಝೋನ್ ಎಫ್‌ಸಿ ಕೆಲವು ವರ್ಷ ಜೋರಾಗಿ ಮಿಂಚಿ ಇಲ್ಲವಾಯಿತು. ಹಾಗೆ ಹೋದಾಗ ಬೀದಿಗಿಳಿದು ಪ್ರಶ್ನಿಸುವ ಅಭಿಮಾನಿಗಳು ಇರಲಿಲ್ಲ, ಯಾಕೆಂದರೆ ಆ ತಂಡಕ್ಕೆ ಬೀದಿಯೇ ಇರಲಿಲ್ಲ.

'ಅರೆ ವೃತ್ತಿಪರ' ಅನ್ನೋ ಪದ ನಮ್ಮಲ್ಲಿ ಏನನ್ನು ಮುಚ್ಚಿಡುತ್ತದೆ ಅಂತಲೂ ಹೇಳಬೇಕು. ಹಳೇ ವ್ಯವಸ್ಥೆಯಲ್ಲಿ ಅದರ ಅರ್ಥ ಕ್ರೀಡಾ ಕೋಟಾದ ನೌಕರಿ. ಬೆಳಿಗ್ಗೆ ಶಾಪ್ ಫ್ಲೋರ್, ಸಂಜೆ ಮೈದಾನ, ಅರವತ್ತಕ್ಕೆ ಪಿಂಚಣಿ. ಗೌತಮಪುರದಂಥ ಕೇರಿಯ ಹುಡುಗನಿಗೆ ಆ ನೌಕರಿ ಮೂರು ತಲೆಮಾರಿನ ಬದುಕು ಬದಲಿಸುತ್ತಿತ್ತು. ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಕುಗ್ಗಿದ ಹಾಗೆ ಆ ಬಾಗಿಲೂ ಕಿರಿದಾಯಿತು. ಅದರ ಜಾಗಕ್ಕೆ ಬಂದಿದ್ದು ಸೀಸನ್ ಲೆಕ್ಕದ ಒಪ್ಪಂದ. ನಾಲ್ಕೈದು ತಿಂಗಳು ದುಡ್ಡು, ಉಳಿದ ತಿಂಗಳು ನಿನ್ನ ದಾರಿ ನಿಂದು. ಮೊಣಕಾಲು ಹೋದರೆ ಚಿಕಿತ್ಸೆ ಯಾರದ್ದು ಎಂಬುದು ಕ್ಲಬ್ಬಿನ ಮನಸ್ಸಿಗೆ ಬಿಟ್ಟಿದ್ದು. ಡೆಲಿವರಿ ಕೆಲಸದ ಹುಡುಗರ ಬಗ್ಗೆ ನಾವು ಗಿಗ್ ಕಾರ್ಮಿಕರು ಅಂತ ಬರೀತೀವಲ್ಲ, ಇವರೂ ಅದೇ ವರ್ಗ, ಜೆರ್ಸಿ ಬೇರೆ ಅಷ್ಟೆ. ಮೇಲಿನವರ ಕಥೆಯೂ ಗಟ್ಟಿ ಇಲ್ಲ ಅನ್ನೋದು 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಆಟಗಾರರ ಸಂಬಳ ತಡೆಹಿಡಿಯಿತು. ಕೆಳಗೆ ಉದ್ದನೆಯ, ನಂಬಬಹುದಾದ ರಾಜ್ಯ ಸೀಸನ್ ಒಂದು ಇದ್ದಿದ್ದರೆ ಆಟಗಾರನಿಗೆ ಕನಿಷ್ಠ ನಿಲ್ಲಲು ನೆಲ ಇರುತ್ತಿತ್ತು.

'ಆದರೂ ಸಂತೋಷ್ ಟ್ರೋಫಿ ಗೆದ್ದಿಲ್ವಾ?' ಅಂತ ಕೇಳುತ್ತೀರಿ. ಗೆದ್ದಿದ್ದೇವೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ. ಹಿಂದಿನ ನಾಲ್ಕು ಗೆಲುವು ಮೈಸೂರು ಹೆಸರಲ್ಲಿ ಬಂದಿದ್ದವು. ಆ ತಂಡ ಬಂದಿದ್ದು ಇದೇ ಬೆಂಗಳೂರು ಲೀಗ್‌ನಿಂದ, ಆ ಶ್ರೇಯ ಅದಕ್ಕೆ ಸಲ್ಲಲೇಬೇಕು. ಇಂಥ ತಂಡದ ಪಟ್ಟಿ ಓದಿ 'ಇದರಲ್ಲಿ ಕನ್ನಡಿಗರೆಷ್ಟು' ಅಂತ ಕೇಳುವವರು ಸಿಗುತ್ತಾರೆ. ನನಗೆ ಆ ಪ್ರಶ್ನೆ ಹಿಡಿಸುವುದಿಲ್ಲ. ಇಲ್ಲಿ ಬದುಕಿ, ಇಲ್ಲಿ ಆಡುವವರು ಇಲ್ಲಿಯವರೇ. ಬೆಂಗಳೂರಿನ ಫುಟ್‌ಬಾಲನ್ನು ಕಟ್ಟಿದ್ದೇ ಬೇರೆ ಬೇರೆ ಮನೆಮಾತಿನ ಜನ. ಕೇಳಬೇಕಾದ್ದು ಪಟ್ಟಿಯಲ್ಲಿ ಜಿಲ್ಲೆಗಳೆಷ್ಟು ಅಂತ.

ಪಕ್ಕದ ಕೇರಳ 2024ರಲ್ಲಿ ಸೂಪರ್ ಲೀಗ್ ಕೇರಳ ಶುರು ಮಾಡಿತು. ಮಲಪ್ಪುರಂ, ಕೋಯಿಕ್ಕೋಡ್, ಕಣ್ಣೂರು, ತ್ರಿಶೂರ್, ಕೊಚ್ಚಿ, ತಿರುವನಂತಪುರ ಹೀಗೆ ಆರು ಊರಿನ ಆರು ತಂಡ. ಮೊದಲ ಸಲ ಗೆದ್ದಿದ್ದು ಕ್ಯಾಲಿಕಟ್ ಎಫ್‌ಸಿ. ಅದು ಫ್ರಾಂಚೈಸಿ ಮಾದರಿ, ಏಣಿಯ ಹೊರಗಿನದ್ದು, ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಆದರೆ ಊರಿನ ಹೆಸರಿಟ್ಟರೆ ಜನ ಬರುತ್ತಾರೆ ಅನ್ನೋದಂತೂ ಗ್ಯಾಲರಿಗಳಲ್ಲಿ ಕಂಡಿತು.

ನಮ್ಮಲ್ಲಿ ಏನು ಮಾಡಬಹುದು? ಒಂದೇ ಏಟಿಗೆ 30 ಸುತ್ತಿನ ರಾಜ್ಯ ಲೀಗ್ ಸಾಧ್ಯವಿಲ್ಲ, ಬಸ್ ಚಾರ್ಜಿಗೇ ಕ್ಲಬ್‌ಗಳು ಮುಳುಗುತ್ತವೆ. ವಲಯವಾರು ಶುರು ಮಾಡಬಹುದು. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಮೂರೂ ಕಡೆ ಜಿಲ್ಲಾ ಕೇಂದ್ರದಲ್ಲಿ ಕ್ರೀಡಾಂಗಣ ಇದೆ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ದೂರ. ಮಂಗಳೂರು, ಬೆಳಗಾವಿಯಲ್ಲಿ ಆಟದ ಹಳೇ ಪರಂಪರೆಯೇ ಇದೆ. ವಲಯ ಗೆದ್ದವರಿಗೆ ಬೆಂಗಳೂರು ಸೂಪರ್ ಡಿವಿಷನ್‌ಗೆ ನೇರ ಪ್ರವೇಶ, ಅವರ ಅರ್ಧ ಪಂದ್ಯಗಳು ಅವರ ಊರಲ್ಲೇ. ರೆಫರಿಗಳು ಬೇಕು, ತರಬೇತಿ ಕೊಡಬೇಕು. ಹೆಣ್ಣುಮಕ್ಕಳ ಲೀಗನ್ನೂ ಮೊದಲ ದಿನದಿಂದಲೇ ಜೊತೆಗೆ ಇಡಬೇಕು. 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿದ ಕಿಕ್‌ಸ್ಟಾರ್ಟ್ ಕೂಡ ಬೆಂಗಳೂರಿನದ್ದೇ.

ಇದನ್ನು ತೀರ್ಮಾನಿಸುವ ಕುರ್ಚಿಗಳು ರಾಜಕೀಯದಿಂದ ದೂರವೇನೂ ಇಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿರುವ ಎನ್.ಎ. ಹ್ಯಾರಿಸ್ ಶಾಂತಿನಗರದ ಶಾಸಕರು, 2022ರಲ್ಲಿ ಅಖಿಲ ಭಾರತ ಫೆಡರೇಶನ್ನಿನ ಉಪಾಧ್ಯಕ್ಷರಾಗಿಯೂ ಆಯ್ಕೆಯಾದವರು. ಜಿಲ್ಲಾ ಕ್ರೀಡಾಂಗಣಗಳು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿವೆ. ಅಂದರೆ ಲೀಗ್ ಒಬ್ಬರದ್ದು, ಮೈದಾನ ಇನ್ನೊಬ್ಬರದ್ದು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಲು ವಿಧಾನಸಭೆಯಲ್ಲಿ ಒಂದು ಪ್ರಶ್ನೆ ಸಾಕು. ಟೆನಿಸ್ ಬಾಲ್ ಕಪ್ಪಿಗೆ ಫೋಟೊ ಕೊಡುವ ನಮ್ಮ ಕಡೆಯ ಶಾಸಕರಲ್ಲಿ ಯಾರಾದರೂ ಅದನ್ನು ಕೇಳಬಹುದು. ಅದಕ್ಕೂ ಮೊದಲು, ಮುಂದಿನ ಸೀಸನ್ನಿನ ವೇಳಾಪಟ್ಟಿ ಬಂದಾಗ ತಂಡಗಳ ಹೆಸರಿನ ಪಕ್ಕದಲ್ಲಿ ಪಂದ್ಯದ ಸ್ಥಳ ಎಲ್ಲಿ ಅಂತ ಬರೆದಿರುತ್ತಾರೆ, ಆ ಸಾಲನ್ನು ಮೇಲಿನಿಂದ ಕೆಳಗೆ ಓದಿ ನೋಡಿ.